ಅಳಿಯಂದಿರ ನೊಣಶಾಲೆ

ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ಮಗಳ ಮನೆಗೆ ಬಂದ ಮಾರನೆಯ ಬೆಳಿಗ್ಗೆ ಕಾಫಿಗೆ ಸಕ್ಕರೆ ಹುಡುಕುತ್ತಾ ಅಡುಗೆಮನೆಯ ಮೇಲಿನ ಕಪಾಟು ತೆರೆದೆ. ಸಾಲಾಗಿ ಎಂಟು ಪ್ಲಾಸ್ಟಿಕ್ ಡಬ್ಬ. ಒಂದೊಂದರ ಮೇಲೂ ತಾರೀಖು ಬರೆದ ಟೇಪು. ಒಳಗೆ ಕಂದು ಮುದ್ದೆ, ಮುದ್ದೆಯ ಮೇಲೆ ಮರದ ನಾರು, ನಾರಿನ ತುಂಬ ನೊಣ. ಎಳ್ಳು ಚೆಲ್ಲಿದಷ್ಟು. ಕಿರುಚಬೇಕು, ಅಷ್ಟರಲ್ಲಿ ಹಿಂದಿನಿಂದ ಅಳಿಯಂದಿರ ದನಿ: “ಅತ್ತೆ, ಮುಚ್ಚಳ ತೆಗೀಬೇಡಿ. ಅದು ಬುಧವಾರದ್ದು, ಇನ್ನೂ ಹದ ಬಂದಿಲ್ಲ.”

ಉಪ್ಪಿನಕಾಯಿ ಜಾಡಿಯ ಬಗ್ಗೆ ಅತ್ತೆಯರು ಅಳಿಯಂದಿರಿಗೆ ಹೇಳುವ ಮಾತು ಅದು.

ನಮ್ಮ ಅಳಿಯಂದಿರು ಡಾರ್ಟ್ ಕಪ್ಪೆ ಸಾಕುತ್ತಾರೆ. ಹಾಗೆಂದು ಅವರು ಹೇಳಿಕೊಳ್ಳುತ್ತಾರೆ. ಮೂರು ತಿಂಗಳು ಜೊತೆಗಿದ್ದು ನೋಡಿದ ನನ್ನ ಪ್ರಕಾರ ಅವರು ಸಾಕುವುದು ನೊಣ. ಕಪ್ಪೆ ಅದಕ್ಕೊಂದು ನೆಪ. ಕಪ್ಪೆಗಳೋ, ಹಾಲ್‌ನಲ್ಲಿ ಟಿ.ವಿ. ಇರಬೇಕಾದ ಜಾಗದಲ್ಲಿ ಕೂತ ಗಾಜಿನ ಪೆಟ್ಟಿಗೆಯಲ್ಲಿ, ಪಾಚಿ, ಬ್ರೊಮೀಲಿಯಡ್, ಒಣಗಿದೆಲೆಗಳ ನಡುವೆ ಎಲ್ಲೋ ಅಡಗಿರುತ್ತವೆ. ಜಾಮೂನಿನ ಗಾತ್ರ, ಶಾಯಿಯ ನೀಲಿ. ದಿನಕ್ಕೆ ಹಲವು ಸಲ ಅಲ್ಲಿ ತಾನಾಗಿ ಮಳೆ ಬರುತ್ತದೆ. ಅದೂ ಶುದ್ಧೀಕರಿಸಿದ ನೀರಿನ ಮಳೆ. ನಮಗೆ ನಲ್ಲಿ ನೀರು.

ಬಂದವರೆಲ್ಲ ಮೊದಲು ಕೇಳುವುದು ವಿಷದ ಬಗ್ಗೆ. ಕನ್ನಡ ಕೂಟದ ಗೆಳೆಯರು ಬಂದರೆ ಹೆಂಗಸರು ಮಕ್ಕಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಅಳಿಯಂದಿರು ಗಂಟಲು ಸರಿಮಾಡಿಕೊಳ್ಳುತ್ತಾರೆ. ಕಾಡಿನಲ್ಲಿ ಇವು ತಿನ್ನುವ ಇರುವೆ, ನುಸಿಗಳಿಂದ ವಿಷ ಮೈಗೇರುತ್ತದೆ. ಮನೆಯಲ್ಲಿ ಹುಟ್ಟಿ ನೊಣ ತಿಂದು ಬೆಳೆದವಕ್ಕೆ ವಿಷವೇ ಇಲ್ಲ. ಬಾಣದ ತುದಿಗೆ ಕಪ್ಪೆಯ ವಿಷ ಹಚ್ಚುತ್ತಿದ್ದವರು ಕೊಲಂಬಿಯಾದ ಎಂಬೆರಾ ಜನ, ಅದಕ್ಕೂ ಕೆಲವೇ ಜಾತಿಯ ಕಪ್ಪೆ ಆಗುತ್ತಿದ್ದವು. ಇಷ್ಟು ಹೇಳುವಾಗ ಅವರ ಮುಖದಲ್ಲಿ ಸಣ್ಣ ಬೇಸರ. ಸ್ವಲ್ಪವಾದರೂ ವಿಷ ಇದ್ದಿದ್ದರೆ ಚೆನ್ನಾಗಿತ್ತು ಎನ್ನುವ ಹಾಗೆ.

“ಇನ್ನೊಂದೆರಡು ಬಣ್ಣದ್ದು ತಂದು ಜೊತೆಗೆ ಬಿಡಬಾರದೇ?” ಎಂದೆ ಒಮ್ಮೆ. ಅಳಿಯಂದಿರು ಎದೆಗೆ ಕೈಯಿಟ್ಟುಕೊಂಡರು. ಇವು ಸೂರಿನಾಮ್ ದೇಶದ ಸಿಪಾಲಿವಿನಿ ಕಡೆಯವು. ಬೇರೆ ಸೀಮೆಯ ಕಪ್ಪೆಯೊಂದಿಗೆ ಕೂಡಿದರೆ ತಳಿ ಕೆಡುತ್ತದಂತೆ. ಯಾರ ಮನೆಯಲ್ಲಿ ಹುಟ್ಟಿದ್ದು, ತಂದೆ ತಾಯಿ ಎಲ್ಲಿಯವರು, ಎಲ್ಲ ದಾಖಲೆಯಿದೆ. ಜಾತಿ, ಜಾತಕ ಏನನ್ನೂ ಕೇಳದೆ ನನ್ನ ಮಗಳನ್ನು ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾದ ಮನುಷ್ಯ ಇವರು!

ಅವರ ನಿಜವಾದ ದರ್ಶನ ಸಿಗುವುದು ಸಂಜೆ ಆರಕ್ಕೆ, ಆಫೀಸಿನ ಲ್ಯಾಪ್‌ಟಾಪ್ ಮುಚ್ಚಿದ ಮೇಲೆ. ಕೈ ತೊಳೆದು, ಹದ ಬಂದ ಡಬ್ಬ ಆರಿಸಿ, ನೆಲಕ್ಕೆ ಎರಡು ಸಲ ಕುಟ್ಟುತ್ತಾರೆ. ಹತ್ತಿದ್ದ ನೊಣವೆಲ್ಲ ತಳಕ್ಕೆ. ಮುಚ್ಚಳ ಸರಿಸಿ ಇನ್ನೊಂದು ಲೋಟಕ್ಕೆ ಒಂದಿಷ್ಟು ಉದುರಿಸಿ, ಚಿಟಿಕೆ ಬಿಳಿ ಪುಡಿ ಹಾಕಿ ಗಿರಗಿರನೆ ತಿರುಗಿಸುತ್ತಾರೆ. ಕ್ಯಾಲ್ಸಿಯಂ, ಡಿ3, ಎ ವಿಟಮಿನ್. ನೊಣದಲ್ಲಿ ಸುಣ್ಣದಂಶ ಸಾಲದು, ಕಪ್ಪೆಯ ಮೂಳೆ ಬಾಗುತ್ತದಂತೆ. ಹಿಟ್ಟಿನಲ್ಲಿ ಹೊರಳಿದ ಹಾಗೆ ಬೆಳ್ಳಗಾದ ನೊಣಗಳು ಪಾಚಿಯ ಮೇಲೆ ಬೀಳುತ್ತವೆ. ಇವಕ್ಕೆ ರೆಕ್ಕೆ ಮುರುಟಿದ್ದು, ಹಾರಲಾರವು, ನಡೆಯುತ್ತವೆ. ಎಲೆಯಡಿಯಿಂದ ನೀಲಿ ಕಪ್ಪೆ ಹೊರಬಂತು. ಒಂದು ನೊಣ ನೋಡಿತು. ಅದರ ಹಿಂಗಾಲಿನ ಬೆರಳು ಟಕಟಕ ತಾಳ ಹಾಕತೊಡಗಿತು, ಕಛೇರಿಯ ಮುಂದಿನ ಸಾಲಿನ ರಸಿಕನ ಹಾಗೆ. ಮುಂದಕ್ಕೆ ಬಾಗಿತು. ನಾಲಗೆ ಬಂದದ್ದು ಕಾಣಲಿಲ್ಲ, ನೊಣ ಇಲ್ಲ. “ನೋಡಿದ್ರಾ ಅತ್ತೆ?” ಎನ್ನುತ್ತಾರೆ, ತಾವೇ ತಿಂದವರ ಹಾಗೆ.

ಆಮೇಲೆ ಇದ್ದಿಲಿನ ಡಬ್ಬ. ಅದರಲ್ಲಿ ಸ್ಪ್ರಿಂಗ್‌ಟೇಲ್ ಎಂಬ ಧೂಳಿನಂಥ ಹುಳು, ಮರಿಕಪ್ಪೆಗಳಾದಾಗ ಬೇಕಾಗುತ್ತದೆಯಂತೆ. ಆ ಹುಳುವಿಗೆ ಆಹಾರ ನಾಲ್ಕು ಕಾಳು ಅಕ್ಕಿ. ಸಕ್ಕರೆ ಕಾಯಿಲೆಯೆಂದು ನನಗೆ ಬ್ರೌನ್ ರೈಸ್. ಹುಳುವಿಗೆ ಸೋನಾ ಮಸೂರಿ. ಜುಲೈ ತಿಂಗಳಲ್ಲಿ ನಾನು ಶಾಲು ಹೊದ್ದು ಕೂತಿದ್ದೂ ಕಪ್ಪೆಗಾಗಿಯೇ. ಪೆಟ್ಟಿಗೆಯ ಬಿಸಿ 30 ಡಿಗ್ರಿ ಮುಟ್ಟಿದರೆ ಅವುಗಳ ಜೀವಕ್ಕೇ ಅಪಾಯವಂತೆ. ಹಗಲೂ ರಾತ್ರಿ ಎ.ಸಿ.

ನಾನು ಹೇಳದೆ ಉಳಿಸಿಕೊಂಡ ಸಂಗತಿ ಒಂದಿತ್ತು. ಮೈಸೂರಿನ ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಎಂ.ಎಸ್ಸಿ. ಮಾಡುವಾಗ ಎರಡು ವರ್ಷ ನಾನು ಮಾಡಿದ್ದೂ ಇದೇ ಕೆಲಸ. ಡ್ರೊಸೊಫಿಲ, ಅಂದರೆ ಇದೇ ನೊಣ. ಅಲ್ಲಿ ಅದರ ತಳಿಗಳ ಭಂಡಾರವೇ ಇದೆ. 1910ರಲ್ಲಿ ಮಾರ್ಗನ್ ಎಂಬ ಮಹನೀಯರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಬಿಳಿಗಣ್ಣಿನ ಒಂದು ನೊಣ ಕಂಡದ್ದರಿಂದ ಶುರುವಾಗಿ 1933ರಲ್ಲಿ ನೊಬೆಲ್‌ವರೆಗೆ ಹೋದ ಕತೆ ನನಗೆ ಬಾಯಿಪಾಠ. ಆದರೆ ಅಳಿಯಂದಿರ ಪಾಠಕ್ಕೆ ಅಡ್ಡಬರುವುದು ಹೇಗೆ?

ಅಡ್ಡಬರಬೇಕಾಯಿತು. ಒಂದು ಬೆಳಿಗ್ಗೆ ಮಗಳು ಚೀರಿದಳು. ಬುಧವಾರದ ಡಬ್ಬ ತೆರೆದರೆ ನೊಣಗಳು ನಡೆಯಲಿಲ್ಲ, ಹಾರಿದವು. ದೇವರಿಗಿಟ್ಟ ಬಾಳೆಹಣ್ಣಿನ ಮೇಲೆ, ಮಗಳ ಕಾಫಿಯೊಳಗೆ. “ಯಾರೋ ಮೋಸದ ತಳಿ ಕೊಟ್ಟಿದ್ದಾರೆ” ಎಂದು ಅಳಿಯಂದಿರು ಕುದ್ದರು. ನಾನು ಮೆಲ್ಲಗೆ ಹೇಳಿದೆ: “ಅಡುಗೆಮನೆ ಗಂಡುನೊಣ ಒಳಗೆ ಸೇರಿದೆ. ಮುರುಟು ರೆಕ್ಕೆ ಅಡಗಿದ ಗುಣ; ಬೆರಕೆ ಆದರೆ ಮೊದಲ ಪೀಳಿಗೆಗೆಲ್ಲ ನೆಟ್ಟಗಿನ ರೆಕ್ಕೆ.” ಅಳಿಯಂದಿರು ನನ್ನನ್ನು ನೋಡಿದ ರೀತಿ! ಎಂಟು ವರ್ಷದ ಅಳಿಯತನದಲ್ಲಿ ಮೊದಲ ಸಲ ನನಗೆ ಕುರ್ಚಿ ಎಳೆದು ಕೊಟ್ಟರು.

ಅದರ ಫಲ, ಅವರಿಬ್ಬರೂ ಮೂರು ದಿನ ನಯಾಗರಕ್ಕೆ ಹೋದರು, ನೊಣಶಾಲೆ ನನ್ನ ಪಾಲಿಗೆ ಬಂತು. ನಾಲ್ಕು ಪುಟದ ಸೂಚನೆ. ದಿನಕ್ಕೆರಡು ಫೋನು. ಜಲಪಾತದ ಸದ್ದಿನ ನಡುವೆಯೇ “ಅತ್ತೆ, ಪುಡಿ ಹಾಕಿದ್ರಾ?” ಮೂರನೆಯ ದಿನ ಹೊಸ ಡಬ್ಬ ಹೂಡಬೇಕು, ನೋಡಿದರೆ ನೊಣದ ಮುದ್ದೆಗೆ ಬೇಕಾದ ಆಲೂಗೆಡ್ಡೆ ಪುಡಿ ಖಾಲಿ. ನನಗೇನು ಯೋಚನೆ? ಮಾನಸಗಂಗೋತ್ರಿಯ ಅಳತೆಯಲ್ಲಿ ರವೆ, ಬೆಲ್ಲ ಹಾಕಿ ಕುದಿಸಿದೆ. ಆರಿದ ಮೇಲೆ ವಿನಿಗರ್, ಯೀಸ್ಟ್ ಸೇರಿಸೋಣ ಎಂದು ಬಾಣಲೆ ಒಲೆಯ ಮೇಲೇ ಬಿಟ್ಟು ಸ್ನಾನಕ್ಕೆ ಹೋದೆ.

ಬರುವಷ್ಟರಲ್ಲಿ ಕಾರು ಬಂದಿತ್ತು. ಅಳಿಯಂದಿರು ಗಾಜಿನ ಪೆಟ್ಟಿಗೆಯ ಮುಂದೆ ಮಂಡಿಯೂರಿ ಕಪ್ಪೆ ಎಣಿಸುತ್ತಿದ್ದರು. ಮಗಳು ಒಲೆಯ ಬಳಿ ಚಮಚ ಹಿಡಿದು ನಿಂತಿದ್ದಳು.

“ಅಮ್ಮಾ, ಸಜ್ಜಿಗೆಗೆ ತುಪ್ಪ ಹಾಕೋದೇ ಮರೆತಿದ್ದೀಯಲ್ಲ.”

ಅಳಿಯಂದಿರು ಎದ್ದು ಬಂದು ಬಾಣಲೆ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಏನೂ ಮಾತಾಡದೆ ಫ್ರಿಜ್ಜಿನಿಂದ ತುಪ್ಪದ ಡಬ್ಬ ತೆಗೆದು ಹೆಂಡತಿಯ ಕೈಗೆ ಕೊಟ್ಟರು.