ಊರಿಗೆ ಬರೋ ಲ್ಯಾಪ್‌ಟಾಪು, ದಾರಿಯ ನೆಟ್ಟು

ನಿಮ್ಮ ತಂಗಿ ಮಗ ಹಬ್ಬಕ್ಕೆ ಬರ್ತಿದ್ದಾನಂತಲ್ಲ? ಲ್ಯಾಪ್‌ಟಾಪೂ ತರ್ತಾನೆ, ರಜೆ ಸಾಲದೆ ಇಲ್ಲಿಂದಲೇ ಕೆಲಸ ಮಾಡ್ತಾನೆ ಅಂದ್ರಿ. ಬರಲಿ, ಆಂಧ್ರದ ಗಡಿಯಲ್ಲಿರೋ ನಮ್ಮ ಮಡಕಶಿರದಲ್ಲಿ ಕೂತು ಬೆಂಗಳೂರಿನ ಕೆಲಸ ಮಾಡೋ ಮಕ್ಕಳನ್ನ ನೋಡಿದ್ರೆ ನನಗಂತೂ ಖುಷಿ. ಆದ್ರೆ ಹೊರಡೋ ಮುಂಚೆ ಒಂದು ಮಾತು ಹೇಳಿಬಿಡಿ: ದಾರೀಲಿ ಸಿಗೋ ಬಿಟ್ಟಿ ವೈಫೈ ನಂಬ್ಕೊಂಡು ಮೀಟಿಂಗಿಗೆ ಹೂಂ ಅನ್ನಬೇಡ, ಜೇಬಲ್ಲಿರೋ ಫೋನೇ ನಿನ್ನ ನೆಟ್ಟು ಅಂತ.

ಹಿಂದೂಪುರದ ತನಕ ರೈಲಲ್ಲಿ ಬರೋನಾದ್ರೆ ನಿಲ್ದಾಣದ ವೈಫೈ ಇದೆಯಲ್ಲ ಅಂತಾನೆ. ಇದೆ, ಇಲ್ಲ ಅನ್ನಲ್ಲ. 2016ರ ಜನವರೀಲಿ ರೈಲ್ವೆಯ ರೈಲ್‌ಟೆಲ್‌ನವರು ಗೂಗಲ್ ಜೊತೆ ಸೇರಿ ಮುಂಬೈ ಸೆಂಟ್ರಲ್‌ನಲ್ಲಿ ಶುರು ಮಾಡಿದ್ದು. ಗೂಗಲ್ ಆಮೇಲೆ ಕೈಬಿಟ್ಟರೂ ರೈಲ್‌ಟೆಲ್ ಬಿಡಲಿಲ್ಲ, 6,000ಕ್ಕೂ ಹೆಚ್ಚು ನಿಲ್ದಾಣಕ್ಕೆ ಹಬ್ಬಿಸ್ತು. ಲ್ಯಾಪ್‌ಟಾಪಲ್ಲಿ ರೈಲ್‌ವೈರ್ ಅನ್ನೋ ಹೆಸರು ಒತ್ತಬೇಕು, ಬ್ರೌಸರ್ ತೆಗೆದು ಮೊಬೈಲ್ ನಂಬರ್ ಕೊಡಬೇಕು. ಓಟಿಪಿ ಬರೋದು ಫೋನಿಗೆ, ತುಂಬೋದು ಲ್ಯಾಪ್‌ಟಾಪಿಗೆ. ಮೊದಲ ಅರ್ಧ ಗಂಟೆ ಪುಕ್ಕಟೆ, ಆಮೇಲೆ ದುಡ್ಡು. ಆದ್ರೆ ಅದು ಪ್ಲಾಟ್‌ಫಾರಂ ಮೇಲಿನ ಮಾತು, ರೈಲು ಕದಲಿತೋ ಮುಗೀತು. ನಮ್ಮೂರ ಮೇಲೆ ಹಾದು ಹೋಗೋ ತುಮಕೂರು–ರಾಯದುರ್ಗ ಮಾರ್ಗ ಪೂರ್ತಿ ಆಗಲಿ, ಆಗ ನಮಗೂ ಒಂದು ಪ್ಲಾಟ್‌ಫಾರಂ, ಒಂದು ವೈಫೈ.

ಶಿರಾ ಕಡೆಯಿಂದ ಬಸ್ಸಲ್ಲಿ ಬರೋನಾದ್ರೆ ಬೇರೆಯದೇ ಕಥೆ. ಅಗಳಿ ಹತ್ತಿರ ಬರ್ತಿದ್ದಂತೆ ಫೋನು ಕರ್ನಾಟಕ ಸರ್ಕಲ್ ಬಿಟ್ಟು ಆಂಧ್ರ ಸರ್ಕಲ್ ಹಿಡಿಯುತ್ತೆ. ನಮ್ಮ ಮಡಕಶಿರ ಸೀಮೆಯ ಮೂರು ದಿಕ್ಕಿಗೂ ಕರ್ನಾಟಕ, ಹಾಗಾಗಿ ಗಡಿ ಹಳ್ಳಿಗಳಲ್ಲಿ ಮನೆ ಬಾಗಿಲಲ್ಲಿ ಒಂದು ಟವರು, ಹಿತ್ತಲಲ್ಲಿ ಇನ್ನೊಂದು. ಹಿಂದೆ ಇದಕ್ಕೇ ರೋಮಿಂಗ್ ಅಂತ ದುಡ್ಡು ಕೀಳ್ತಿದ್ರು, ಗಡಿಯಾಚೆ ಪಾವಗಡದ ನೆಂಟರ ಜೊತೆ ಎರಡು ಮಾತಾಡೋಕೂ ಲೆಕ್ಕ ಹಾಕ್ತಿದ್ವಿ. 2016ರಲ್ಲಿ ಜಿಯೋ ಬಂದ ಮೇಲೆ ಆ ಕಾಟ ತಪ್ಪಿತು. ಆದ್ರೂ ಕೆಲವು ಫೋನಲ್ಲಿ ‘ಡೇಟಾ ರೋಮಿಂಗ್’ ಆಫ್ ಇದ್ರೆ ಗಡಿ ದಾಟಿದ ತಕ್ಷಣ ನೆಟ್ ನಿಂತುಹೋಗುತ್ತೆ, ಸಿಗ್ನಲ್ ಕಡ್ಡಿ ಮಾತ್ರ ತುಂಬಿರುತ್ತೆ. ಅದನ್ನ ಬೆಂಗಳೂರಲ್ಲೇ ಆನ್ ಮಾಡ್ಕೊಂಡು ಬರಲಿ. ಈಗ ಅದಕ್ಕೆ ಬೇರೆ ಕಾಸಿಲ್ಲ.

ಮನೇಲಿ ಎಲ್ಲಿ ಕೂರಿಸ್ತೀರಿ? ನಿಮ್ಮದು ಕಲ್ಲುಗೋಡೆ ಮನೆ. ನಡುಮನೇಲಿ ಫೋನಿಟ್ರೆ ಸಿಗ್ನಲ್ ಒಂದು ಕಡ್ಡಿಗೆ ಇಳಿಯುತ್ತೆ. ಫೋನನ್ನ ಮೂಡಲ ಕಿಟಕಿ ಕಟ್ಟೆ ಮೇಲಿಟ್ಟು ಹಾಟ್‌ಸ್ಪಾಟ್ ಹಾಕಲಿ, ತಾನು ಒಳಗೆ ಫ್ಯಾನ್ ಕೆಳಗೆ ಕೂರಲಿ. ಹಾಟ್‌ಸ್ಪಾಟಲ್ಲಿ 2.4 ಗಿಗಾಹರ್ಟ್ಸ್, 5 ಗಿಗಾಹರ್ಟ್ಸ್ ಅಂತ ಎರಡಿರುತ್ತೆ. ಐದರದ್ದು ಚುರುಕು, ಆದ್ರೆ ಗೋಡೆ ದಾಟೋದು ಕಷ್ಟ. 2.4ರದ್ದೇ ಇಟ್ಕೊಳ್ಳಲಿ. ಕಿಟಕಿ ಪಕ್ಕದಲ್ಲೇ ಕೂರ್ತೀನಿ ಅಂದ್ರೆ ಕೇಬಲ್ ಹಾಕಿ ಯುಎಸ್‌ಬಿ ಟೆದರಿಂಗ್ ಮಾಡೋದೇ ವಾಸಿ: ಲ್ಯಾಪ್‌ಟಾಪಿಂದ ಫೋನು ಚಾರ್ಜೂ ಆಗ್ತಿರುತ್ತೆ. ಇನ್ನೊಂದು ಮರೀಬೇಡಿ. ಲ್ಯಾಪ್‌ಟಾಪಲ್ಲಿ ಈ ಸಂಪರ್ಕವನ್ನ ‘ಮೀಟರ್ಡ್’ ಅಂತ ಗುರುತು ಮಾಡ್ಲಿ. ಇಲ್ದಿದ್ರೆ ವಿಂಡೋಸ್ ಅಪ್‌ಡೇಟೇ ದಿನದ ಡೇಟಾ ನುಂಗಿಬಿಡುತ್ತೆ, ಆಮೇಲೆ ಸಿಗೋದು 64 ಕೆಬಿಪಿಎಸ್. ಅದರಲ್ಲಿ ವಿಡಿಯೋ ಮೀಟಿಂಗ್ ಎಲ್ಲಿ ಬಂತು?

ಅವನೇನೋ ಹೇಗಾದ್ರೂ ಸುಧಾರಿಸ್ಕೊತಾನೆ. ನನಗೆ ಸಂಕಟ ಆಗೋದು ನಮ್ಮ ಕನ್ನಡ ಮೀಡಿಯಂ ಮಕ್ಕಳನ್ನ ನೋಡಿದಾಗ. ಇಲ್ಲೇ ಹುಟ್ಟಿ, ಕನ್ನಡದಲ್ಲೇ ಓದಿ, ಕರ್ನಾಟಕದ ಸಿಇಟಿಗೆ ಗಡಿನಾಡು ಕನ್ನಡಿಗರು ಅಂತ ಅರ್ಜಿ ಹಾಕ್ತಾವೆ. ಅರ್ಜಿ ಹಾಕೋದೂ ಕಾಲೇಜಿನ ಆಯ್ಕೆ ತುಂಬೋದೂ ಆನ್‌ಲೈನು. ಯಾರದೋ ಲ್ಯಾಪ್‌ಟಾಪು ಕಾಡಿಬೇಡಿ ತಂದು, ಅಪ್ಪನ ಫೋನಿನ ಡೇಟಾ ಮುಗಿಯೋದ್ರೊಳಗೆ ಎಲ್ಲಾ ಮುಗಿಸಬೇಕು. ಅಮರಾಪುರ, ರೊಳ್ಳೆ ಕಡೆಯಿಂದ ಬಸ್ ಹತ್ತಿ ಬರೋ ಮಕ್ಕಳಿಗೆ ಒಂದು ತಾಸು ನೆಟ್ ಕೊಡೋ ಜಾಗ ಊರಲ್ಲಿ ಇರಬೇಕೋ ಬೇಡವೋ?

ದಾರಿ ಇಲ್ಲದೇ ಇಲ್ಲ. 2020ರ ಡಿಸೆಂಬರಲ್ಲಿ ಕೇಂದ್ರ ಸರ್ಕಾರ ಪಿಎಂ ವಾಣಿ ಅಂತ ಒಂದು ಯೋಜನೆಗೆ ಒಪ್ಪಿಗೆ ಕೊಡ್ತು. ಟೀ ಅಂಗಡಿಯವನಾಗಲಿ, ಕಿರಾಣಿಯವನಾಗಲಿ, ಲೈಸೆನ್ಸಿನ ಗೊಡವೆ ಇಲ್ಲದೆ ಸಾರ್ವಜನಿಕರಿಗೆ ವೈಫೈ ಮಾರಬಹುದು. ಅಂಗಡೀಲಿ ಬ್ರಾಡ್‌ಬ್ಯಾಂಡ್ ಇದ್ರೆ ಅದರ ಜೊತೆಗೊಂದು ಯೋಜನೆಗೆ ಒಪ್ಪುವ ರೂಟರ್ ಹಾಕ್ಕೊಂಡು, ಈ ಯೋಜನೇಲಿರೋ ಕಂಪನಿಯೊಂದರ ಜೊತೆ ಸೇರ್ಕೊಂಡ್ರೆ ಆಯ್ತು, ಚಿಲ್ಲರೆ ದುಡ್ಡಿಗೆ ನೆಟ್ ಕೊಡಬಹುದು. ಬಸ್ ಸ್ಟ್ಯಾಂಡ್ ಹತ್ತಿರ ಜೆರಾಕ್ಸ್ ಅಂಗಡಿಯಲ್ಲಿ ಎರಡು ಬೆಂಚೂ ಇದೆ, ಲ್ಯಾಪ್‌ಟಾಪಿಗೆ ಪ್ಲಗ್ಗೂ ಇದೆ. ಇದನ್ನ ಹಾಕ್ತೀರಾ ಅಂತ ಸಂಜೆ ಹೋಗಿ ಅಂಗಡಿಯವರನ್ನ ಕೇಳೋಣ ಅಂತಿದ್ದೀನಿ. ನೀವೂ ಬನ್ನಿ, ಇಬ್ಬರು ಕೇಳಿದ್ರೆ ಇಲ್ಲ ಅನ್ನೋಕೆ ಅವರಿಗೂ ಕಷ್ಟ ಆಗುತ್ತೆ.