ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್ ಕಾದಂಬರಿಯಲ್ಲಿ ಅರ್ಧ ಅಂಕದ ಸ್ಥಾನ: ಒಂದು ವ್ಯಾಕರಣ ಮೀಮಾಂಸೆ

ಇಂಗ್ಲಿಷ್ ತರಗತಿಯಲ್ಲಿ ಕಾದಂಬರಿಯೆಂಬುದು ಕತೆಯಲ್ಲ, ವ್ಯಾಕರಣದ ಅಭ್ಯಾಸಕ್ಕೆ ವಾಕ್ಯಗಳನ್ನು ಒದಗಿಸುವ ಉಗ್ರಾಣ ಎಂಬುದು ಈ ಶಾಸ್ತ್ರದ ಮೂಲಸೂತ್ರ. ಚಾರ್ಲ್ಸ್ ಡಿಕನ್ಸ್ ಈ ಕೃತಿಯನ್ನು 1860ರ ಡಿಸೆಂಬರಿನಿಂದ 1861ರ ಆಗಸ್ಟ್‌ವರೆಗೆ ತನ್ನದೇ ವಾರಪತ್ರಿಕೆಯಲ್ಲಿ ಕಂತುಕಂತಾಗಿ ಪ್ರಕಟಿಸಿ ಓದುಗರನ್ನು ಕಾಯಿಸಿದನಾದರೂ, ಕರ್ನಾಟಕದ ವಿದ್ಯಾರ್ಥಿಗೆ ಆ ಕಷ್ಟವಿಲ್ಲ. ಏಕೆಂದರೆ ನಾನ್‌ಡಿಟೇಲ್, ಅಂದರೆ ದೊಡ್ಡ ಕೃತಿಯನ್ನು ಪರೀಕ್ಷೆಗೆ ಬೇಕಾದಷ್ಟಕ್ಕೆ ಇಳಿಸಿದ ತೆಳು ಪುಸ್ತಕ, ಕೈಗೆ ಬರುವ ಮೊದಲೇ ಗೈಡಿನಲ್ಲಿ ಅದರ ಸಾರಾಂಶ ಬಾಯಿಪಾಠವಾಗಿರುತ್ತದೆ.

ಮದುವೆಯ ದಿನವೇ ವರನಿಂದ ವಂಚಿತಳಾದ ಮಿಸ್ ಹ್ಯಾವಿಶಮ್ ಗಡಿಯಾರಗಳನ್ನೆಲ್ಲ ಎಂಟು ಗಂಟೆ ನಲವತ್ತು ನಿಮಿಷಕ್ಕೆ ನಿಲ್ಲಿಸಿ, ಕೊಳೆತ ಕೇಕಿನ ಮನೆಯಲ್ಲಿ ಉಳಿದುಬಿಡುವುದನ್ನು ಸಾಹಿತ್ಯಪ್ರಿಯರು ದುರಂತವೆನ್ನಬಹುದು. ವೈಯಾಕರಣರ ಪ್ರಕಾರ ಅದು ಪ್ರೆಸೆಂಟ್ ಪರ್ಫೆಕ್ಟ್ ಕಂಟಿನ್ಯುಯಸ್, ಎಂದರೆ ಹಿಂದೆ ಶುರುವಾಗಿ ಇಂದಿಗೂ ಮುಗಿಯದ ಕ್ರಿಯೆ. ಆಕೆ ಎಂಟೂ ನಲವತ್ತರಿಂದ ಕೂತಿದ್ದಾಳೆಂದರೆ ‘ಸಿನ್ಸ್’, ಎಷ್ಟೋ ವರ್ಷಗಳಿಂದ ಕೂತಿದ್ದಾಳೆಂದರೆ ‘ಫಾರ್’. ಎರಡನ್ನೂ ಒಂದೇ ‘ಇಂದ’ದಲ್ಲಿ ಮುಗಿಸಿಕೊಂಡು ಬಂದ ಕನ್ನಡದ ಮಕ್ಕಳು ಇಲ್ಲಿ ಅನುಭವಿಸುವ ಸಂಕಟದ ಮುಂದೆ ಆಕೆಯದು ಏನೇನೂ ಅಲ್ಲವೆಂದು ಪಂಡಿತರ ಅಭಿಮತ.

ಬಾಲಕ ಪಿಪ್ ಸ್ಲೇಟಿನ ಮೇಲೆ ಭಾವ ಜೋಗೆ ಬರೆಯುವ ಪತ್ರ ಇನ್ನೂ ಜಟಿಲವಾದ ಪ್ರಕರಣ. ಅದರ ಕಾಗುಣಿತವೆಲ್ಲ ತಪ್ಪು. ಓದಬೇಕಾದ ಕಮ್ಮಾರ ಜೋ ಪಕ್ಕದಲ್ಲೇ ಕೂತಿದ್ದಾನೆ, ಅವನಿಗೆ ಹೆಸರಿನ ಜೆ ಮತ್ತು ಓ ಅಕ್ಷರಗಳ ಹೊರತು ಬೇರೇನೂ ಗೊತ್ತಾಗುವುದಿಲ್ಲ, ಆದರೂ ಹುಡುಗನನ್ನು ವಿದ್ವಾಂಸನೆಂದು ಹೊಗಳುತ್ತಾನೆ. ಮೌಲ್ಯಮಾಪನದ ದೃಷ್ಟಿಯಿಂದ ಈ ಹೊಗಳಿಕೆ ಅಕ್ಷಮ್ಯ: ಪತ್ರಕ್ಕೆ ‘ಫ್ರಮ್’ ಇಲ್ಲ, ‘ಟು’ ಇಲ್ಲ, ‘ಸಬ್ಜೆಕ್ಟ್’ ಇಲ್ಲ, ಜ್ವರದ ನಿಮಿತ್ತ ಎರಡು ದಿನದ ರಜೆಯ ಕೋರಿಕೆಯಂತೂ ಇಲ್ಲವೇ ಇಲ್ಲ. (ಪ್ರೀತಿಗೆ ಅಂಕ ಹಂಚಿಕೆಯಾಗಿಲ್ಲ.)

ಕೊನೆಯದಾಗಿ ಕರ್ಮಣಿ ಪ್ರಯೋಗ, ಅಂದರೆ ಪ್ಯಾಸಿವ್ ವಾಯ್ಸ್. ಕೈದಿಯೊಬ್ಬನಿಗಾಗಿ ಪಿಪ್ ಮನೆಯಿಂದ ತಿಂಡಿಯನ್ನೂ ಕಬ್ಬಿಣ ಉಜ್ಜುವ ಅರವನ್ನೂ ಕದ್ದು, ಪಾಪಪ್ರಜ್ಞೆಯಿಂದ ನವೆಯುತ್ತಾನೆ. ‘ಅರವು ಕದಿಯಲ್ಪಟ್ಟಿತು’ ಎಂದು ಕರ್ತೃವನ್ನು ಕೈಬಿಟ್ಟು ಬರೆದಿದ್ದರೆ ಕಳ್ಳನೇ ಇಲ್ಲದ ಕಳ್ಳತನವಾಗಿ ಹುಡುಗ ಪಾರಾಗುತ್ತಿದ್ದ. ಸರ್ಕಾರಿ ಕಡತಗಳು ಈ ಸೌಲಭ್ಯವನ್ನು ಬಹುಕಾಲದಿಂದ ಬಳಸಿಕೊಂಡಿವೆ. ಆದರೆ ಪರೀಕ್ಷಕರು ‘ಬೈ ಪಿಪ್’ ಎಂದು ಸೇರಿಸದವರಿಗೆ ಅರ್ಧ ಅಂಕ ಕಳೆಯುತ್ತಾರೆ.