ಚಕ್ರಗೂಡಿನ ಒತ್ತುವರಿ: ಸ್ಥೂಲಚಕ್ರ ಮೀಮಾಂಸೆಗೆ ಒಂದು ಪೀಠಿಕೆ

ಮಾರುತಿ ಕಂಪನಿ 2023ರಲ್ಲಿ ಐದು ಬಾಗಿಲಿನ ಜಿಮ್ನಿಯನ್ನು ನಮ್ಮ ದೇಶದಲ್ಲಿ ಮಾರಾಟಕ್ಕಿಟ್ಟಾಗ ಅದಕ್ಕೆ 195/80 ಆರ್15 ಅಳತೆಯ ಟೈರು ತೊಡಿಸಿತ್ತು. ಇದು ಮೂಲಪಾಠ. ಮೂಲಪಾಠ ಇದ್ದಲ್ಲಿ ಪಾಠಾಂತರ ಹುಟ್ಟದೆ ಇರದು. ಹೊಸ ಗಾಡಿ ಮೊದಲ ಸರ್ವೀಸಿಗೂ ಮುನ್ನ ಬೆಂಗಳೂರಿನ ಜೆ.ಸಿ. ರಸ್ತೆಯ ಕಡೆ ಮೂತಿ ತಿರುಗಿಸುವುದು ಅದರ ಶೋಧಕ್ಕಾಗಿಯೇ. ಸಿಗುವ ಪಾಠಾಂತರಗಳಲ್ಲಿ 215/75 ಆರ್15 ಸಾಧು ಸ್ವಭಾವದ್ದು. ಯಾವ ತಕರಾರೂ ಇಲ್ಲದೆ ಕೂರುತ್ತದೆ, ಆದ್ದರಿಂದಲೇ ವಿದ್ವಾಂಸರಿಗೆ ಅದರಲ್ಲಿ ರುಚಿಯಿಲ್ಲ. ವಾಗ್ವಾದವೆಲ್ಲ 235/75 ಆರ್15ರ ಸುತ್ತ. ಶಾಕ್ ಅಬ್ಸಾರ್ಬರು, ಸ್ಪ್ರಿಂಗು ಎಲ್ಲ ಕಂಪನಿಯವೇ. ಹೆಚ್ಚೆಂದರೆ ಸ್ಪ್ರಿಂಗಿನ ನೆತ್ತಿಯ ಮೇಲೊಂದು ಬೆರಳು ದಪ್ಪದ ಸ್ಪೇಸರ್. ಇಂಥ ಗಾಡಿಗೆ ಈ ಟೈರು ಹಿಡಿಯುತ್ತದೆಯೋ ಇಲ್ಲವೋ ಎಂಬುದೇ ಪ್ರಸ್ತುತ ಪ್ರಬಂಧದ ವಸ್ತು. ‘ಏಕೆ ಹಾಕಬೇಕು’ ಎಂಬ ಪ್ರಶ್ನೆಯನ್ನು ಮನೆಯವರಷ್ಟೇ ಎತ್ತುವುದರಿಂದ ಅದನ್ನು ಶಾಸ್ತ್ರದ ವ್ಯಾಪ್ತಿಯಿಂದ ಕೈಬಿಡಲಾಗಿದೆ.

ಮೊದಲು ಗಣಿತ. ಟೈರಿನ ಮೈಮೇಲಿನ ಮೊದಲ ಅಂಕಿ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಪಕ್ಕದ ಗೋಡೆಯ ಎತ್ತರ, ಅಗಲದ ಶೇಕಡಾವಾರಿನಲ್ಲಿ. ಕೊನೆಯದು ರಿಮ್ಮಿನ ವ್ಯಾಸ, ಇಂಚಿನಲ್ಲಿ. ಈ ಮೂರು ಕುಲಗಳನ್ನು ಕೂಡಿಸಿ ಕಳೆದರೆ ಮೂಲ ಟೈರಿನ ವ್ಯಾಸ 693 ಮಿ.ಮೀ., ಪಾಠಾಂತರದ್ದು 733.5. ವ್ಯತ್ಯಾಸ 40.5. ಭಕ್ತರು ಊರೆಲ್ಲ ಸಾರುವುದು ಈ ನಲವತ್ತನ್ನು. ಆದರೆ ಗಾಡಿಯನ್ನು ಎತ್ತುವುದು ಚಕ್ರದ ಕೆಳಗಿನ ಅರ್ಧ ಮಾತ್ರ. ಕಂಪನಿ ಹೇಳುವ ನೆಲದಂತರ 210 ಮಿ.ಮೀ.; ಅದು 230 ಆಗುತ್ತದೆ, ಅಷ್ಟೇ. ಮಿಕ್ಕ ಇಪ್ಪತ್ತು ಮೇಲಕ್ಕೆ, ಮಡ್‌ಗಾರ್ಡಿನ ಹೊಟ್ಟೆಗೆ. ಅಗಲದಲ್ಲಿ ಬೆಳೆದ ನಲವತ್ತು ಒಳಕ್ಕೂ ಹೊರಕ್ಕೂ. ಹೊಲದ ಬದು ಒತ್ತುವವನಾದರೂ ವರ್ಷಕ್ಕೊಂದು ಗೇಣಿನಂತೆ, ನೆರೆಯವನು ಊರಲ್ಲಿಲ್ಲದಾಗ ಒತ್ತುತ್ತಾನೆ. ಟೈರು ಒಂದೇ ಮಧ್ಯಾಹ್ನದಲ್ಲಿ ನಾಲ್ಕೂ ದಿಕ್ಕಿಗೆ ಒತ್ತುವರಿ ಮಾಡುತ್ತದೆ.

ಹಾಗೆಂದು ಆ ಇಪ್ಪತ್ತನ್ನು ತುಚ್ಛೀಕರಿಸಲಾಗದು. ಜಿಮ್ನಿಯ ಹಿಂದು ಮುಂದಿನ ಎರಡೂ ಆಕ್ಸಲ್ ಇಡಿಯ ದಂಡದವು. ಬಂಡೆಗೆ ಮೊದಲು ಬಡಿಯುವುದು ಅಲ್ಲಿ ಜೋತು ಬಿದ್ದಿರುವ ಡಿಫರೆನ್ಷಿಯಲ್ಲಿನ ಗುಂಡು. ಸ್ಪ್ರಿಂಗಿನ ಮೇಲೆ ಏನೇ ಪೇರಿಸಿದರೂ ಬಾಡಿ ಏರುತ್ತದೆಯೇ ಹೊರತು ಈ ಗುಂಡು ಕೂದಲೆಳೆಯಷ್ಟೂ ಏಳುವುದಿಲ್ಲ. ಅದನ್ನು ಎತ್ತಬಲ್ಲದ್ದು ದೊಡ್ಡ ಟೈರೊಂದೇ. ಈ ಒಂದು ಮಾತಿನಲ್ಲಿ ಸ್ಥೂಲಚಕ್ರವಾದಿಗಳು ನೂರಕ್ಕೆ ನೂರು ಸರಿ. ಉಳಿದದ್ದನ್ನೆಲ್ಲ ಅವರು ಇದರ ಬಲದ ಮೇಲೆಯೇ ಹೇಳಿ ದಕ್ಕಿಸಿಕೊಳ್ಳುತ್ತಾರೆ.

ಇನ್ನು ಪ್ರಮಾಣ ವಿಚಾರ. ಉಪಮಾನವನ್ನು ನಂಬುವವರು ‘ಜಿಪ್ಸಿಗೆ ಹಿಡಿದಿತ್ತು, ಇದಕ್ಕೂ ಹಿಡಿಯುತ್ತೆ’ ಎನ್ನುತ್ತಾರೆ. 1985ರಿಂದ ಮೂರು ದಶಕ ಮೀರಿ ನಡೆದ ಜಿಪ್ಸಿ ಪಟ್ಟಿ ಸ್ಪ್ರಿಂಗಿನ ಮೇಲೆ ಕೂತ ಗಾಡಿ, ಜಿಮ್ನಿಯದು ಸುರುಳಿ ಸ್ಪ್ರಿಂಗು, ಎಂಬ ಸಣ್ಣ ಭೇದವನ್ನು ಅವರು ಗಣಿಸುವುದಿಲ್ಲ. ಪ್ರತ್ಯಕ್ಷವಾದಿಯಾದ ಅಂಗಡಿಯವನು ನುಣುಪು ನೆಲದ ಮೇಲೆ ಸ್ಟೇರಿಂಗನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಪೂರ್ತಿ ತಿರುಗಿಸಿ, ‘ನೋಡಿ ಸಾರ್, ಎಲ್ಲೂ ಟಚ್ ಆಗ್ತಿಲ್ಲ’ ಎಂದು ಬಿಲ್ಲು ಹರಿಯುತ್ತಾನೆ. ಪ್ರಯೋಗ ದೋಷರಹಿತ; ಮಾಲೀಕ ಅದೇ ಅಂಗಡಿಯೊಳಗೆ ಸುತ್ತುತ್ತಿರುವವರೆಗೆ ಫಲಿತಾಂಶವೂ ನಿಜ. ಸಕಲೇಶಪುರದ ಕಡೆಯ ತೋಟದ ದಾರಿಯಲ್ಲಿ ಮಾತ್ರ ಒಂದು ಚಕ್ರ ಗುಂಡಿಗಿಳಿದಾಗ ಎದುರಿನದು ಮಡ್‌ಗಾರ್ಡಿನೊಳಕ್ಕೆ ಏರುತ್ತದೆ, ಅದೇ ಗಳಿಗೆಗೆ ಸ್ಟೇರಿಂಗೂ ಪೂರ್ತಿ ತಿರುಗಿರುತ್ತದೆ. ಆಗ ಬರುವುದು ಶಬ್ದಪ್ರಮಾಣ: ಗರ್ರ್ರ್. ಒಳಗಡೆ ಮುಂದಿನ ಆಕ್ಸಲ್ಲನ್ನು ಹಿಡಿದಿರುವ ತೋಳಿಗೆ, ಹೊರಗಡೆ ಬಂಪರಿನ ಮೂಲೆಗೆ, ಮೇಲೆ ಪ್ಲಾಸ್ಟಿಕ್ಕಿನ ಅಸ್ತರಿಗೆ ಟೈರು ಉಜ್ಜುತ್ತಿದೆ. ಮಾಲೀಕ ಪಕ್ಕದಲ್ಲಿ ಕೂತವರಿಗೆ ‘ಕಲ್ಲು ಸಿಕ್ಕಿರಬೇಕು’ ಎನ್ನುತ್ತಾನೆ. ಇದನ್ನು ಆಪ್ತವಾಕ್ಯವೆಂದು ಸ್ವೀಕರಿಸುವಂತಿಲ್ಲ.

ಇಲ್ಲಿಂದ ಮತಭೇದ. ಉತ್ಥಾನವಾದಿಗಳ ಪ್ರಕಾರ ಪರಿಹಾರ ಲಿಫ್ಟ್. ನಿಂತ ಗಾಡಿಯಲ್ಲಿ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಜಾಗ ಕಾಣುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ. ಈ ಮತವನ್ನು ಕೊಂಚ ವಿಸ್ತಾರವಾಗಿಯೇ ಖಂಡಿಸಬೇಕಾಗಿದೆ. ಸ್ಪ್ರಿಂಗಿನ ಮೇಲೆ ಸ್ಪೇಸರ್ ಇಟ್ಟರೆ ಬದಲಾಗುವುದು ಗಾಡಿ ನಿಂತಾಗಿನ ಎತ್ತರ. ಚಕ್ರ ಎಲ್ಲಿಯವರೆಗೆ ಮೇಲೆ ಬರಬಹುದೆಂದು ತೀರ್ಮಾನಿಸುವುದು ಬಂಪ್ ಸ್ಟಾಪ್ ಎಂಬ ರಬ್ಬರು ತುಂಡು. ಅದು ಇದ್ದಲ್ಲೇ ಇದೆ. ಗುಂಡಿಯಲ್ಲಿ ಸ್ಪ್ರಿಂಗು ಪೂರ್ತಿ ಕುಗ್ಗಿದಾಗ ಲಿಫ್ಟ್ ಹಾಕಿದ ಗಾಡಿಯ ಚಕ್ರವೂ ಹಾಕದ ಗಾಡಿಯ ಚಕ್ರವೂ ಅದೇ ಜಾಗಕ್ಕೆ ಬಂದು ಅದೇ ತಗಡಿಗೆ ಉಜ್ಜುತ್ತವೆ. ಮೇಲಾಗಿ ಆಕ್ಸಲ್ಲನ್ನು ಅಡ್ಡಡ್ಡ ಹಿಡಿದಿರುವ ಪ್ಯಾನ್‌ಹಾರ್ಡ್ ರಾಡ್ ಬಾಡಿ ಏರಿದಾಗ ಅದನ್ನು ಒಂದು ಪಕ್ಕಕ್ಕೆ ಜರುಗಿಸುತ್ತದೆ. ಎಡಗಡೆ ಉಜ್ಜುವ ಗಾಡಿ ಬಲಗಡೆ ಉಜ್ಜದಿರುವ ರಹಸ್ಯ ಇದು. ಕ್ಯಾಸ್ಟರ್ ಕೋನವೂ ಕಡಿಮೆಯಾಗಿ ಹೆದ್ದಾರಿಯಲ್ಲಿ ಸ್ಟೇರಿಂಗು ಯಾವ ಪಕ್ಷಕ್ಕೂ ಸೇರದ ಶಾಸಕರಂತೆ ಅತ್ತಿತ್ತ ನೋಡತೊಡಗುತ್ತದೆ. ನಿಜವಾದ ಮದ್ದು ಆ ರಬ್ಬರು ತುಂಡನ್ನೇ ತುಸು ಉದ್ದ ಮಾಡುವುದು. ಖರ್ಚು ಕಡಿಮೆ. ಆದರೆ ಚಕ್ರದ ಓಟ ಅಷ್ಟು ಮೊಟಕಾಗುತ್ತದೆ, ಅದಕ್ಕಿಂತ ಮುಖ್ಯವಾಗಿ ಹೊರಗಿನಿಂದ ನೋಡಿದವರಿಗೆ ಏನೂ ಕಾಣುವುದಿಲ್ಲ. ಈ ಮತಕ್ಕೆ ಅನುಯಾಯಿಗಳು ಹುಟ್ಟದಿರಲು ಬೇರೆ ಕಾರಣ ಬೇಡ.

ಬಹಿರ್ಮುಖಿ ಪಂಥದವರು ಹಬ್ಬಿಗೂ ರಿಮ್ಮಿಗೂ ನಡುವೆ ಬಿಲ್ಲೆ ತೂರಿಸಿ ಚಕ್ರವನ್ನು ಹೊರಕ್ಕೆ ತಳ್ಳುತ್ತಾರೆ. ಒಳಗಿನ ತೋಳು ಬಚಾವು. ಬಂಪರಿನ ಮೂಲೆಗೆ ಹೊಡೆತ ಇಮ್ಮಡಿ, ಬೇರಿಂಗಿಗೆ ಹೊರೆ ಹೆಚ್ಚು. ಛೇದನವಾದಿಗಳಿಗೆ ಇಷ್ಟು ಸೂಕ್ಷ್ಮವೇ ಬೇಡ. ಅವರ ದರ್ಶನದಲ್ಲಿ ಟೈರು ಸತ್ಯ, ಬಂಪರು ಮಿಥ್ಯ. ಹಾಟ್ ಏರ್ ಗನ್ನಿನಿಂದ ಅಸ್ತರನ್ನು ಮೆತ್ತಗೆ ಮಾಡಿ ಹಿಂದಕ್ಕೆ ಅದುಮುತ್ತಾರೆ, ಮಿಕ್ಕಿದ್ದನ್ನು ಗರಗಸಕ್ಕೆ ಕೊಡುತ್ತಾರೆ. ಇನ್ನೂ ಕಂತು ತೀರದ ಗಾಡಿಗೆ ಗರಗಸ ಹಿಡಿಯುವ ಈ ನಿರ್ಮಮಕಾರ ಬೇರೆ ಯಾವ ಸಾಧಕರಲ್ಲೂ ಕಾಣದು. ಇವರ ಗಾಡಿ ಉಜ್ಜುವುದಿಲ್ಲ ಎಂಬುದನ್ನೂ ದಾಖಲಿಸಬೇಕು.

ಮೀಟರಿನ ವಿಷಯ. ಹೊಸ ಚಕ್ರ ಒಂದು ಸುತ್ತಿಗೆ ಸುಮಾರು ಶೇ. 5.8ರಷ್ಟು ಹೆಚ್ಚು ದೂರ ಉರುಳುವುದರಿಂದ, ಸರಿಯಾಗಿದ್ದ ಮೀಟರು 100 ತೋರಿಸಿದಾಗ ಗಾಡಿ 106ರ ಆಸುಪಾಸು ಓಡುತ್ತಿರುತ್ತದೆ. ಕಂಪನಿ ಮೀಟರುಗಳು ಸ್ವಭಾವತಃ ತುಸು ಹೆಚ್ಚೇ ತೋರಿಸುವುದರಿಂದ ‘ಈಗಲೇ ಅದು ಸತ್ಯ ಹೇಳುತ್ತಿರುವುದು’ ಎಂಬ ಸಮರ್ಥನೆ ಚಾಲ್ತಿಯಲ್ಲಿದೆ. ಓಡಿದ ಕಿಲೋಮೀಟರು ಕಡಿಮೆ ದಾಖಲಾಗುತ್ತದೆ. ಹೀಗಾಗಿ ಮೈಲೇಜು ನಿಜಕ್ಕಿಂತ ಕೆಟ್ಟದಾಗಿ ಕಂಡು ಮಾಲೀಕ ಕೊರಗುತ್ತಾನೆ, ಮಾರುವಾಗ ಮಾತ್ರ ಕೊರಗುವುದಿಲ್ಲ. ಎಂಜಿನ್ನಿನ 134 ನ್ಯೂಟನ್ ಮೀಟರ್ ಹಾಗೇ ಇದ್ದು ಗೇರುಗಳೆಲ್ಲ ಆ ಶೇ. 5.8ರಷ್ಟು ಉದ್ದವಾಗುವುದರಿಂದ ಘಾಟಿಯಲ್ಲಿ ಮೂರನೆಯದರಲ್ಲಿ ಏರುತ್ತಿದ್ದ ಕಡೆ ಎರಡನೆಯದು ಬೇಕಾಗಬಹುದು. ಬ್ರೇಕಿನ ಹಿಡಿತವೂ ಅದೇ ಅನುಪಾತದಲ್ಲಿ ಸಡಿಲ.

ಧರ್ಮಶಾಸ್ತ್ರ ಭಾಗ ಚಿಕ್ಕದು. ಆರ್.ಸಿ.ಯ ವಿವರ ತಯಾರಕರು ಹೇಳಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸಕೂಡದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನು ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಒಪ್ಪಿಗೆಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ನಾಲ್ಕು ಟೈರು ಒಂದು ಬದಲಾವಣೆಯೋ ನಾಲ್ಕೋ ಎಂಬ ಜಿಜ್ಞಾಸೆಯನ್ನು ಆರ್‌ಟಿಒ ಕಚೇರಿಯಲ್ಲಿ ನಾವಾಗಿ ಎತ್ತದಿರುವುದು ಕ್ಷೇಮ.

ಕೊನೆಯದಾಗಿ ಪಂಚಮಚಕ್ರ. ದುಬಾರಿಯೆಂದು ನಾಲ್ಕೇ ಟೈರು ಕೊಂಡು, ಹಿಂಬಾಗಿಲ ಮೇಲಿನ ಸ್ಟೆಪ್ನಿಯನ್ನು ಮೂಲಪಾಠದಲ್ಲೇ ಉಳಿಸಿಕೊಂಡವರು ಬಹಳ. ಕಾಡಿನಲ್ಲಿ ಪಂಕ್ಚರಾದಾಗ ಮೂರು ಎತ್ತರದ ಚಕ್ರದ ಜತೆ ಒಂದು ಕುಳ್ಳ ಚಕ್ರ ಸೇರುತ್ತದೆ. ಹಿಂದು ಮುಂದಿನ ಆಕ್ಸಲ್‌ಗಳ ನಡುವೆ ರಾಜಿ ಮಾಡಿಸುವ ಡಿಫರೆನ್ಷಿಯಲ್ ಜಿಮ್ನಿಯಲ್ಲಿಲ್ಲ. ಫೋರ್‌ವೀಲ್ ಹಾಕಿ ಗಟ್ಟಿ ನೆಲ ಸಿಕ್ಕಿದರೆ ಗೇರುಗಳು ಒಂದಕ್ಕೊಂದು ಬಿಗಿದು ಕೂರುತ್ತವೆ. ಬಲ್ಲವರು ಹಾಕುವುದಿಲ್ಲ. ಟೂವೀಲಿಗೆ ಕೆಸರು ದಾರಿ ಬಿಡುವುದಿಲ್ಲ. ಇಂಥ ಸಂದರ್ಭದಲ್ಲಿ ಹತ್ತಿರದ ತೋಟದಿಂದ ಟ್ರ್ಯಾಕ್ಟರು ತರಿಸುವುದು ರೂಢಿ. ಅದರ ಹಿಂದಿನ ಟೈರು ನಾವು ಇದುವರೆಗೆ ಚರ್ಚಿಸಿದ ಎಲ್ಲ ಟೈರುಗಳಿಗಿಂತ ದೊಡ್ಡದು, ಎಲ್ಲಿಯೂ ಉಜ್ಜುವುದಿಲ್ಲ. ಆದರೆ ಅದಕ್ಕೆ ಹಿಂದುಗಡೆ ಸಸ್ಪೆನ್ಷನ್ನೇ ಇಲ್ಲವಾದ್ದರಿಂದ ಅದು ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.